ಅಣ್ಣ ಏಳು ತಿಂಗಳು ಹೇಳದ ಮಾತು

(ದೊಡ್ಡ ಕರುಳಿನ ಕ್ಯಾನ್ಸರ್ ಕುರಿತು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ. ಕೈ ಎತ್ತಬೇಕಾಗಿಲ್ಲ, ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ಇವತ್ತು ಬೆಳಿಗ್ಗೆ ಫ್ಲಶ್ ಮಾಡುವ ಮುಂಚೆ ಒಂದು ಸಲ ತಿರುಗಿ ನೋಡಿದಿರಾ?

ನಗು ಬಂತು, ಅಲ್ವಾ? ಮುಂದಿನ ಸಾಲಿನಲ್ಲಿ ಒಬ್ಬರು ಮುಖ ಸಿಂಡರಿಸಿದ್ದೂ ಕಾಣಿಸಿತು. ಬೇಜಾರಿಲ್ಲ. ನಮ್ಮ ಮನೆಯಲ್ಲೂ ಈ ವಿಷಯ ಯಾರೂ ಮಾತಾಡುತ್ತಿರಲಿಲ್ಲ. ಬಿಪಿ ಬಗ್ಗೆ, ಶುಗರ್ ಬಗ್ಗೆ, ಮಂಡಿನೋವಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದೆವು. ಟಾಯ್ಲೆಟ್ಟಿನ ವಿಷಯ ಮಾತ್ರ ಬಾಗಿಲ ಒಳಗೇ ಇರುತ್ತಿತ್ತು.

ನಾನು ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ನನ್ನ ಅಣ್ಣನಿಗೆ 47ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬಂತು. ಅವನ ಫೈಲ್ ಹಿಡಿದುಕೊಂಡು ಒಂದೂವರೆ ವರ್ಷ ಆಸ್ಪತ್ರೆ ಓಡಾಡಿದವನು ನಾನು. ಆ ಓಡಾಟದಲ್ಲಿ ನನಗೆ ಗೊತ್ತಾದದ್ದು ಒಂದೇ. ಕಾಯಿಲೆ ಗೊತ್ತಾಗುವ ಮುಂಚೆ ನಾವು ತೀರಾ ಕಡಿಮೆ ಮಾತಾಡುತ್ತೇವೆ. ಗೊತ್ತಾದ ಮೇಲೆ ತೀರಾ ಜಾಸ್ತಿ ಮಾತಾಡುತ್ತೇವೆ. ಎರಡರಿಂದಲೂ ರೋಗಿಗೇ ಕಷ್ಟ.

ಅಣ್ಣನಿಗೆ ಮೊದಲ ಸಲ ರಕ್ತ ಕಾಣಿಸಿದ್ದು, ಅವನೇ ಆಮೇಲೆ ಹೇಳಿದ ಪ್ರಕಾರ, ಕಾಯಿಲೆ ಗೊತ್ತಾಗುವ ಏಳು ತಿಂಗಳ ಮುಂಚೆ. ಪೈಲ್ಸ್ ಇರಬೇಕು ಅಂದುಕೊಂಡ. ಔಷಧಿ ಅಂಗಡಿಗೆ ಹೋಗಿ, ಬೇರೆಯವರೆಲ್ಲ ಹೋಗುವವರೆಗೆ ಕಾದು, ಮೆಲ್ಲಗೆ ಮುಲಾಮು ಕೇಳಿ ತಂದ. ಒಂದು ವಾರ ರಕ್ತ ನಿಂತಿತು. ಮತ್ತೆ ಬಂತು. ಅತ್ತಿಗೆಗೂ ಹೇಳಲಿಲ್ಲ. ನಡುವೆ ಹೊಟ್ಟೆಯ ಅಭ್ಯಾಸವೂ ಬದಲಾಯಿತು. ನಾಲ್ಕು ದಿನ ಕಟ್ಟುವುದು, ಆಮೇಲೆ ಸಡಿಲ. ಹೋಗಿ ಬಂದ ಮೇಲೂ ಇನ್ನೂ ಪೂರ್ತಿ ಆಗಿಲ್ಲ ಅನ್ನಿಸುವುದು. ಎಲ್ಲದಕ್ಕೂ ಅವನ ಹತ್ತಿರ ಒಂದು ಕಾರಣ ಇತ್ತು: ಹೊರಗಿನ ಊಟ, ಕೆಲಸದ ಟೆನ್ಷನ್, ನಿದ್ದೆ ಸಾಲದು.

ಕೊನೆಗೆ ಗಮನಿಸಿದ್ದು ಅತ್ತಿಗೆ. ಮೆಟ್ಟಿಲು ಹತ್ತುವಾಗ ಅವನು ನಡುವೆ ನಿಂತು ಫೋನ್ ನೋಡುವವನ ಥರ ನಟಿಸುತ್ತಿದ್ದನಂತೆ. ಉಸಿರು ಸಾಲುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8, ತೀರಾ ಕಡಿಮೆ. ಮೊದಲು ನೋಡಿದ ವೈದ್ಯರು ಕಬ್ಬಿಣದ ಮಾತ್ರೆ ಬರೆದು ಕಳಿಸಿದರು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬಂದರೆ ಮಾತ್ರೆ ಕೊಟ್ಟು ಸುಮ್ಮನಾಗುವ ಹಾಗಿಲ್ಲ. ರಕ್ತ ಎಲ್ಲಿ ಸೋರುತ್ತಿದೆ ಅಂತ ಹುಡುಕಬೇಕು. ಟ್ಯಾಂಕ್ ಖಾಲಿಯಾಗುತ್ತಿದ್ದರೆ ನೀರು ತುಂಬಿಸುವುದಕ್ಕಿಂತ ಮೊದಲು ಪೈಪ್ ನೋಡುತ್ತೇವೆ, ಅಲ್ವಾ?

ರಕ್ತ ಕಂಡವರಿಗೆಲ್ಲ ಕ್ಯಾನ್ಸರ್ ಇರುತ್ತದೆ ಅಂತ ಖಂಡಿತ ಅಲ್ಲ. ಬಹಳಷ್ಟು ಜನರಿಗೆ ಅದು ಪೈಲ್ಸೇ. ಆದರೆ ಪೈಲ್ಸ್ ಅಂತ ಹೇಳಬೇಕಾದವರು ಪರೀಕ್ಷೆ ಮಾಡಿದ ಡಾಕ್ಟರು, ನಾವಲ್ಲ. ರಕ್ತ ಕಂಡರೆ, ಕೆಲವು ವಾರ ಕಳೆದರೂ ಹೊಟ್ಟೆಯ ಅಭ್ಯಾಸ ಸರಿಹೋಗದಿದ್ದರೆ, ಮಲ ಪೆನ್ಸಿಲ್ಲಿನ ಹಾಗೆ ಸಣ್ಣಗಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಹೊಟ್ಟೆನೋವು ಬಿಡದಿದ್ದರೆ ಹೋಗಿ ತೋರಿಸಬೇಕು, ಅಷ್ಟೇ. ವಯಸ್ಸು ಚಿಕ್ಕದು ಅನ್ನುವ ಧೈರ್ಯ ಬೇಡ. ಹಾಲಿವುಡ್ ನಟ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡಾಗ ಅವರಿಗೆ 43 ವರ್ಷ. ಕಾಯಿಲೆ ಗೊತ್ತಾಗಿದ್ದು 2016ರಲ್ಲಿ. ಹಲವು ದೇಶಗಳಲ್ಲಿ 50 ದಾಟದವರಲ್ಲಿ ಈ ಕ್ಯಾನ್ಸರ್ ಹೆಚ್ಚುತ್ತಿದೆ.

ಲೆಕ್ಕ ಬೇಕು ಅನ್ನುವವರಿಗೆ ಒಂದೆರಡು ಸಂಖ್ಯೆ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಜನರಿಗೆ ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 9 ಲಕ್ಷ ಜನ ಸತ್ತರು. ಕ್ಯಾನ್ಸರಿನಿಂದಾಗುವ ಸಾವುಗಳಲ್ಲಿ ಶ್ವಾಸಕೋಶದ ನಂತರ ಇದೇ ಎರಡನೆಯದು.

ನನಗೆ ಹೊಟ್ಟೆ ಉರಿಯುವುದು ಯಾಕೆ ಅಂದರೆ, ಇಷ್ಟೊಂದು ಸಮಯ ಕೊಡುವ ಕ್ಯಾನ್ಸರ್ ಬೇರೆ ಹೆಚ್ಚಿಲ್ಲ. ದೊಡ್ಡ ಕರುಳು ಅಂದರೆ ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಅದರ ಒಳಗೋಡೆಯಲ್ಲಿ ಒಂದು ಸಣ್ಣ ಗಂಟು ಏಳುತ್ತದೆ. ಅದಕ್ಕೆ ಪಾಲಿಪ್ ಅನ್ನುತ್ತಾರೆ. ಕೆಲವು ಅಣಬೆಯ ಹಾಗೆ ತೊಟ್ಟಿನ ಮೇಲೆ ನಿಂತಿರುತ್ತವೆ, ಕೆಲವು ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತವೆ. ಹೆಚ್ಚಿನವು ಜೀವಮಾನವಿಡೀ ತೊಂದರೆ ಕೊಡುವುದಿಲ್ಲ. ಕೆಲವು ಮಾತ್ರ ದೊಡ್ಡದಾಗುತ್ತಾ ಹೋಗಿ ಕ್ಯಾನ್ಸರ್ ಆಗುತ್ತವೆ. ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತದೆ. ಅಷ್ಟರಲ್ಲಿ ಯಾವಾಗ ಬೇಕಾದರೂ ಅದನ್ನು ಕಿತ್ತು ಹಾಕಬಹುದು. ಅಂದರೆ ಇಲ್ಲಿ ಪರೀಕ್ಷೆ ಕ್ಯಾನ್ಸರನ್ನು ಬೇಗ ಹಿಡಿಯುವುದಷ್ಟೇ ಅಲ್ಲ, ಬರದಂತೆಯೇ ತಡೆಯುತ್ತದೆ.

ಇದು ಮೊದಲಿನಿಂದಲೂ ಇಷ್ಟು ಸುಲಭ ಇರಲಿಲ್ಲ. ಕರುಳಿನ ಒಳಗೆ ದೂರದಲ್ಲಿರುವ ಪಾಲಿಪ್ ತೆಗೆಯಬೇಕಾದರೆ ಹೊಟ್ಟೆ ಕೊಯ್ಯಬೇಕಿತ್ತು. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಅನ್ನುವ ಇಬ್ಬರು ವೈದ್ಯರು ಕೊಲೊನೋಸ್ಕೋಪ್, ಅಂದರೆ ಗುದದ್ವಾರದಿಂದ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಬಳುಕುವ ಕೊಳವೆಯ ಒಳಗಿಂದ ತಂತಿಯ ಕುಣಿಕೆ ತೂರಿಸಿ, ಪಾಲಿಪ್ಪಿನ ಬುಡಕ್ಕೆ ಬಿಗಿದು, ಕರೆಂಟ್ ಹಾಯಿಸಿ ಕತ್ತರಿಸಿದರು. ಇವತ್ತಿಗೂ ನಡೆಯುವುದು ಹೆಚ್ಚು ಕಡಿಮೆ ಅದೇ.

ಅದನ್ನು ನಾನು ಕಣ್ಣಾರೆ ನೋಡಿದ್ದೇನೆ, ನನ್ನದೇ ಕರುಳಿನಲ್ಲಿ. ಅಣ್ಣನಿಗೆ ಕಾಯಿಲೆ ಅಂತ ಗೊತ್ತಾದ ದಿನವೇ ಅವನ ಡಾಕ್ಟರು ನನ್ನ ಕಡೆ ತಿರುಗಿ ಕೇಳಿದರು: "ನಿಮಗೆಷ್ಟು ವಯಸ್ಸು?" ನನಗೆ 43. "ನೀವು ಆಗಲೇ ಲೇಟು" ಅಂದರು. ಲೆಕ್ಕ ಹೀಗಿದೆ. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಯಾರಿಗಾದರೂ 60ಕ್ಕಿಂತ ಮುಂಚೆ ಈ ಕಾಯಿಲೆ ಬಂದಿದ್ದರೆ ಉಳಿದವರು 40ಕ್ಕೇ ಕೊಲೊನೋಸ್ಕೋಪಿ ಮಾಡಿಸಬೇಕು. ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು. ಇವೆರಡರಲ್ಲಿ ಯಾವುದು ಬೇಗವೋ ಅದು. ಅಣ್ಣನಿಗೆ 47. ನಾನು 37ಕ್ಕೇ ಮಾಡಿಸಬೇಕಿತ್ತು. ಆಗ ಅಣ್ಣನಿಗೇ ಕಾಯಿಲೆ ಇರಲಿಲ್ಲ ಬಿಡಿ.

ಕೊಲೊನೋಸ್ಕೋಪಿಗಿಂತ ಅದರ ಹಿಂದಿನ ರಾತ್ರಿಯೇ ಕಷ್ಟ, ಸುಳ್ಳು ಹೇಳುವುದಿಲ್ಲ. ಔಷಧಿ ಕಲಸಿದ ನೀರು ಉಪ್ಪುಪ್ಪು, ಹುಳಿಹುಳಿ. ಅರ್ಧ ಸಂಜೆ, ಅರ್ಧ ಬೆಳಗಿನ ಜಾವ ಕುಡಿಯಬೇಕು. ತಣ್ಣಗೆ ಮಾಡಿ ಸ್ಟ್ರಾದಲ್ಲಿ ಎಳೆದರೆ ಇಳಿಯುತ್ತದೆ. ಆಮೇಲೆ ಟಾಯ್ಲೆಟ್ಟೇ ಮನೆ. ಕೊನೆಗೆ ತಿಳಿ ಹಳದಿ ನೀರು ಬರುವವರೆಗೆ ಬಿಡುವ ಹಾಗಿಲ್ಲ, ಯಾಕೆಂದರೆ ಕರುಳು ಕೊಳೆಯಾಗಿದ್ದರೆ ಪಾಲಿಪ್ ಕಣ್ಣು ತಪ್ಪಿಸುತ್ತದೆ. ಮರುದಿನ ನನಗೆ ಅರೆನಿದ್ದೆಯ ಔಷಧಿ ಕೊಟ್ಟಿದ್ದರು. ನಡುವೆ ಎಚ್ಚರವಾಗಿ ಪರದೆ ನೋಡಿದೆ. ಗುಲಾಬಿ ಬಣ್ಣದ, ಮಡಿಕೆ ಮಡಿಕೆಯ ಸುರಂಗ. ಒಂದು ಮಡಿಕೆಯ ಮೇಲೆ ಚೆರ್ರಿ ಹಣ್ಣಿನ ಹಾಗೆ ಒಂದು ಗಂಟು. ಕುಣಿಕೆ ಬಂತು, ಬಿಗಿಯಿತು, ಗಂಟು ಉದುರಿತು. ನೋವೇ ಇಲ್ಲ. ಕರುಳಿನ ಒಳಪದರಕ್ಕೆ ಕೊಯ್ದ ನೋವು ಗೊತ್ತಾಗುವುದಿಲ್ಲವಂತೆ. ಒಟ್ಟು ಎರಡು ಪಾಲಿಪ್, ದೊಡ್ಡದು ಒಂದು ಸೆಂಟಿಮೀಟರ್. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಮೂರು ವರ್ಷಕ್ಕೆ ಮತ್ತೆ ಬನ್ನಿ ಅಂದರು.

ನನಗೆ ಒಂದೇ ಒಂದು ಲಕ್ಷಣವೂ ಇರಲಿಲ್ಲ.

ಮನೆಯಲ್ಲಿ ಯಾರಿಗೂ ಈ ಕಾಯಿಲೆ ಇಲ್ಲದವರು ಯಾವಾಗ ಶುರು ಮಾಡಬೇಕು? ಅಮೆರಿಕದಲ್ಲಿ 2021ರಲ್ಲಿ 50ರಿಂದ 45ಕ್ಕೆ ಇಳಿಸಿದರು. ಹಲವು ದೇಶಗಳು 50ಕ್ಕೆ ಶುರು ಮಾಡುತ್ತವೆ. ಎಲ್ಲರೂ ನೇರವಾಗಿ ಕೊಲೊನೋಸ್ಕೋಪಿಗೇ ಹೋಗಬೇಕಾಗಿಯೂ ಇಲ್ಲ. ಫಿಟ್ ಅಂತ ಒಂದು ಪರೀಕ್ಷೆ ಇದೆ. ಮನೆಯಲ್ಲೇ ಕಡ್ಡಿಯ ತುದಿಯಲ್ಲಿ ಒಂದಿಷ್ಟು ಮಲ ತೆಗೆದು ಪುಟ್ಟ ಸೀಸೆಯಲ್ಲಿ ಹಾಕಿ ಕೊಡುವುದು. ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಅದು ಹಿಡಿಯುತ್ತದೆ. ವರ್ಷಕ್ಕೊಮ್ಮೆ, ಕೆಲವು ದೇಶಗಳಲ್ಲಿ ಎರಡು ವರ್ಷಕ್ಕೊಮ್ಮೆ ಮಾಡಿಸುತ್ತಾರೆ. ಪಾಸಿಟಿವ್ ಬಂದರೆ ಕ್ಯಾನ್ಸರ್ ಅಂತ ಅರ್ಥವಲ್ಲ. ಆಗ ಕೊಲೊನೋಸ್ಕೋಪಿ ಮಾಡಿಸಲೇಬೇಕು, ಅಷ್ಟು. ಕಣ್ಣಿಗೇ ರಕ್ತ ಕಾಣಿಸುತ್ತಿರುವವರು ಈ ಫಿಟ್ ಮಾಡಿಸಿ ನೆಗೆಟಿವ್ ಬಂತು ಅಂತ ಸುಮ್ಮನಾಗಬಾರದು. ಅವರು ನೇರವಾಗಿ ಡಾಕ್ಟರ ಹತ್ತಿರ ಹೋಗಬೇಕು. ಮಾಮೂಲಿ ಅಪಾಯದವರ ಕೊಲೊನೋಸ್ಕೋಪಿಯಲ್ಲಿ ಏನೂ ಸಿಗದಿದ್ದರೆ ಹತ್ತು ವರ್ಷ ಆ ಕಡೆ ತಲೆ ಹಾಕಬೇಕಿಲ್ಲ.

2022ರಲ್ಲಿ ಯುರೋಪಿನ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಪೋಲೆಂಡ್, ನಾರ್ವೆ, ಸ್ವೀಡನ್ನಿನ 84 ಸಾವಿರಕ್ಕೂ ಹೆಚ್ಚು ಜನ. ಕೊಲೊನೋಸ್ಕೋಪಿಗೆ ಕರೆದ ಗುಂಪಿನಲ್ಲಿ, ಕರೆಯದವರಿಗೆ ಹೋಲಿಸಿದರೆ, ಹತ್ತು ವರ್ಷದಲ್ಲಿ ಕ್ಯಾನ್ಸರ್ ಕಡಿಮೆಯಾಗಿದ್ದು 18 ಶೇಕಡಾ ಮಾತ್ರ. ಇದರಿಂದ ಅಂಥ ಉಪಯೋಗವೇ ಇಲ್ಲ ಅಂತ ಸುದ್ದಿ ಓಡಾಡಿತು. ಆದರೆ ಕರೆದವರಲ್ಲಿ ಬಂದು ಮಾಡಿಸಿಕೊಂಡವರು 42 ಶೇಕಡಾ! ಊಟಕ್ಕೆ ಕರೆದರೆ ಹೊಟ್ಟೆ ತುಂಬುತ್ತದೆಯೇ, ಬಂದು ಕೂತು ಉಣ್ಣಬೇಕಲ್ಲ.

ಇನ್ನು ಮನೆತನದ ವಿಷಯ. 1895ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಲ್ಡ್ರೆಡ್ ವಾರ್ತಿನ್ ಅನ್ನುವ ವೈದ್ಯರಿಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಒಂದು ಮಾತು ಹೇಳಿದರು. ನಮ್ಮ ಮನೆಯವರೆಲ್ಲ ಕರುಳಿನ, ಹೊಟ್ಟೆಯ, ಇಲ್ಲವೇ ಗರ್ಭಕೋಶದ ಕ್ಯಾನ್ಸರಿನಿಂದಲೇ ಹೋಗಿದ್ದಾರೆ, ನಾನೂ ಹಾಗೇ ಬೇಗ ಹೋಗುತ್ತೇನೆ ಅಂತ. ವಾರ್ತಿನ್ ಆ ಮಾತನ್ನು ತಳ್ಳಿಹಾಕಲಿಲ್ಲ. ಆ ಮನೆತನದ ಸಾವುಗಳ ಲೆಕ್ಕ ಬರೆಯುತ್ತಾ ಹೋಗಿ 1913ರಲ್ಲಿ ಪ್ರಕಟಿಸಿದರು. ಆಕೆ ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ಮುಂದೆ ಹೆನ್ರಿ ಲಿಂಚ್ ಅನ್ನುವ ಅಮೆರಿಕದ ವೈದ್ಯರು ಈ ಕೆಲಸ ಮುಂದುವರಿಸಿದರು. ಮನೆತನದಲ್ಲಿ ಜೀನಿನ ಮೂಲಕ ಹರಿದು ಬರುವ ಈ ದೋಷವನ್ನು ಇವತ್ತು ಲಿಂಚ್ ಸಿಂಡ್ರೋಮ್ ಅನ್ನುತ್ತಾರೆ. 100 ಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು ಮೂರು ಇದರಿಂದ ಬರುತ್ತವೆ. ಜೀನ್ ಅನ್ನುವ ಪದ ಹುಟ್ಟುವ ಮುಂಚೆಯೇ ಇದರ ಸುಳಿವು ಕೊಟ್ಟಿದ್ದು ಮನೆಯ ಮಾತು. ಹಾಗಾಗಿ ಮುಂದಿನ ಸಲ ಮನೆಯವರೆಲ್ಲ ಸೇರಿದಾಗ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಯಾರು ಯಾವ ಕಾಯಿಲೆಯಿಂದ, ಎಷ್ಟನೇ ವಯಸ್ಸಿನಲ್ಲಿ ಹೋದರು? ಹೆಂಗಸರ ಗರ್ಭಕೋಶದ ಕ್ಯಾನ್ಸರನ್ನೂ ಬರೆದುಕೊಳ್ಳಿ. ಮನೆಯಲ್ಲಿ ಈಗ ಯಾರಿಗಾದರೂ ಕಾಯಿಲೆ ಇದ್ದರೆ, ಗಡ್ಡೆಯ ತುಣುಕಿನ ಮೇಲೆ ಎಂಎಂಆರ್ ಪರೀಕ್ಷೆ (ಡಿಎನ್‌ಎಯ ತಪ್ಪು ತಿದ್ದುವ ಪ್ರೋಟೀನುಗಳು ಇವೆಯಾ ಅಂತ ನೋಡುವುದು) ಆಗಿದೆಯಾ ಅಂತ ಡಾಕ್ಟರನ್ನು ಕೇಳಿ. ಲಿಂಚ್ ಇರಬಹುದೇ ಅನ್ನುವ ಸುಳಿವು ಅದರಲ್ಲಿ ಸಿಗುತ್ತದೆ. ಯಾವ ಚಿಕಿತ್ಸೆ ಹೊಂದುತ್ತದೆ ಅನ್ನುವುದಕ್ಕೂ ಅದು ಬೇಕಾಗುತ್ತದೆ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮಗೆಲ್ಲ ಗೊತ್ತಿರುವುದೇ. ಸಿಗರೇಟು ಬೇಡ, ಹೆಂಡ ಕಡಿಮೆಯಾದಷ್ಟೂ ಒಳ್ಳೆಯದು, ತೂಕ ಹಿಡಿತದಲ್ಲಿರಲಿ, ದಿನಾ ನಡೆಯಿರಿ, ಕಾಳು ಸೊಪ್ಪು ತರಕಾರಿ ಹಣ್ಣು ಜಾಸ್ತಿ ತಿನ್ನಿ. ಸಾಸೇಜ್, ಬೇಕನ್, ಹ್ಯಾಮ್ ಥರದ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ಅಪಾಯ ಸುಮಾರು 18 ಶೇಕಡಾ ಹೆಚ್ಚು. ಗಾಬರಿಯಾಗಬೇಡಿ, 100ರಲ್ಲಿ 18 ಜನರಿಗೆ ಬರುತ್ತದೆ ಅಂತ ಅಲ್ಲ. 100 ಜನರಲ್ಲಿ 5 ಜನರಿಗೆ ಬರುವ ಕಡೆ ಅದು 6 ಆಗುತ್ತದೆ ಅಂತ. ಕರುಳು ತೊಳೆಯುವ ಪುಡಿ, ಡಿಟಾಕ್ಸ್ ಕಷಾಯ ಇವೆಲ್ಲ ಪಾಲಿಪ್ಪನ್ನು ಅಲ್ಲಾಡಿಸುವುದೂ ಇಲ್ಲ. ಆ ದುಡ್ಡು ಪರೀಕ್ಷೆಗೆ ಇಟ್ಟುಕೊಳ್ಳಿ.

ಈಗ ಎರಡನೇ ಭಾಗಕ್ಕೆ ಬರುತ್ತೇನೆ. ಕಾಯಿಲೆ ಬಂದಾಗಿದೆ. ಅಣ್ಣನದು ಮೂರನೇ ಹಂತ. ಗಡ್ಡೆ ಪಕ್ಕದ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿತ್ತು, ದೂರ ಹೋಗಿರಲಿಲ್ಲ. ಸುದ್ದಿ ಹರಡಿದ್ದೇ ತಡ, ಮನೆ ತುಂಬ ಜನ, ಮಾತೋ ಮಾತು. "ಧೈರ್ಯವಾಗಿರಬೇಕು." "ಪಾಸಿಟಿವ್ ಆಗಿ ಯೋಚನೆ ಮಾಡು." "ನಮ್ಮ ಪರಿಚಯದವರೊಬ್ಬರು ಎಲೆಯ ರಸ ಕುಡಿದೇ ವಾಸಿ ಮಾಡಿಕೊಂಡರು." "ಅವರಿಗೂ ಇದೇ ಆಗಿತ್ತು, ಪಾಪ, ಆರು ತಿಂಗಳು." ಒಂದು ಭಾನುವಾರ ಕೊನೆಯ ಗುಂಪು ಹೋದ ಮೇಲೆ ಅಣ್ಣ ಸೋಫಾದ ಮೇಲೆ ಒರಗಿ ಹೇಳಿದ: "ಬಂದವರನ್ನೆಲ್ಲ ನಾನೇ ಸಮಾಧಾನ ಮಾಡಿ ಕಳಿಸಬೇಕು ಕಣೋ. ಸುಸ್ತಾಯ್ತು."

ನಾನೇನು ಕಡಿಮೆ ಇರಲಿಲ್ಲ. ರಾತ್ರಿ ಕೂತು ಅಂಕಿ ಅಂಶ ಓದುತ್ತಿದ್ದೆ, ಬೆಳಿಗ್ಗೆ ಅವನಿಗೆ ಒಪ್ಪಿಸುತ್ತಿದ್ದೆ. ಅವನು ಏನು ತಿಂದರೂ ತಟ್ಟೆ ನೋಡುತ್ತಿದ್ದೆ. ಒಂದು ದಿನ ತಟ್ಟೆ ನನ್ನ ಕಡೆ ತಳ್ಳಿ, "ಮನೇಲಾದ್ರೂ ನನ್ನನ್ನ ಪೇಷಂಟ್ ಥರ ನೋಡಬೇಡ" ಅಂದ. ಆವತ್ತಿನಿಂದ ಸ್ವಲ್ಪ ಕಲಿತೆ.

ಅವನಿಗೆ ನಿಜವಾಗಿ ಉಪಯೋಗವಾದವರು ಕಡಿಮೆ ಮಾತಿನವರು. ಅವನ ಹಳೇ ಸ್ನೇಹಿತನೊಬ್ಬ ಬರುತ್ತಿದ್ದ, ಚೆಸ್ ಬೋರ್ಡ್ ಹರಡುತ್ತಿದ್ದ, ಆಡುತ್ತಿದ್ದ, ಹೋಗುತ್ತಿದ್ದ. ಕಾಯಿಲೆಯ ಬಗ್ಗೆ ಒಂದು ಮಾತು ಕೇಳಿದ್ದು ನಾನು ನೋಡಿಲ್ಲ. ಅಣ್ಣನೇ ಎಷ್ಟೋ ಸಲ ಅವನ ಹತ್ತಿರ ಬಾಯಿ ಬಿಟ್ಟ. ಪಕ್ಕದ ಮನೆಯವರು "ಏನಾದ್ರೂ ಬೇಕಿದ್ರೆ ಹೇಳಿ" ಅನ್ನಲಿಲ್ಲ. "ಕೀಮೋ ಇರೋ ದಿನ ಮಕ್ಕಳನ್ನ ಶಾಲೆಯಿಂದ ಕರ್ಕೊಂಡು ಬರೋದು ನನ್ನ ಕೆಲಸ, ಊಟನೂ ನಮ್ಮನೇಲೇ" ಅಂದರು. ಬೇಕಿದ್ದರೆ ಹೇಳಿ ಅಂದರೆ ಯಾರೂ ಹೇಳುವುದಿಲ್ಲ. ಕೇಳುವುದೇ ಒಂದು ಕೆಲಸವಾಗುತ್ತದೆ. ಏನು, ಯಾವಾಗ ಅಂತ ನೀವೇ ಹೇಳಿ, ಬೇಡ ಅನ್ನುವ ಅವಕಾಶ ಅವರಿಗೆ ಬಿಡಿ.

ಕೆಲವು ಕಡೆ ಮಾತ್ರ ಬಾಯಿ ಬಿಡಲೇಬೇಕು, ಅದು ಡಾಕ್ಟರ ಮುಂದೆ. ಅಣ್ಣನಿಗೆ ಎರಡು ವಾರಕ್ಕೊಮ್ಮೆ, ಒಟ್ಟು 12 ಸಲ ಕೀಮೋ. ಅದರಲ್ಲಿ ಆಕ್ಸಾಲಿಪ್ಲಾಟಿನ್ ಅಂತ ಒಂದು ಔಷಧಿ. ಅದು ಮೈಯೊಳಗೆ ಹೋದ ಮೇಲೆ ಕೆಲವು ದಿನ ತಣ್ಣಗಿನದು ಏನೂ ಆಗುವುದಿಲ್ಲ. ಫ್ರಿಜ್ಜಿನೊಳಗೆ ಕೈ ಹಾಕಿದರೆ ಬೆರಳಿಗೆ ಸೂಜಿ ಚುಚ್ಚಿದ ಹಾಗೆ, ತಣ್ಣೀರು ಕುಡಿದರೆ ಗಂಟಲು ಹಿಡಿದ ಹಾಗೆ. ಫ್ರಿಜ್ಜಿನ ಹಿಡಿಕೆಗೆ ಅತ್ತಿಗೆ ಒಂದು ಜೊತೆ ಉಲ್ಲನ್ ಗ್ಲೌಸ್ ಕಟ್ಟಿದ್ದರು. ಇದು ಗೊತ್ತಿದ್ದರೆ ಹೆದರಿಕೆ ಇಲ್ಲ. ಆದರೆ ದಿನ ಕಳೆದಂತೆ ಆ ಜುಮುಜುಮು ಹೋಗದೆ ಉಳಿಯತೊಡಗಿತು. ಅಣ್ಣ ಅದನ್ನೂ ಮುಚ್ಚಿಟ್ಟ, ಡೋಸ್ ಕಡಿಮೆ ಮಾಡಿಬಿಡುತ್ತಾರೆ ಅನ್ನುವ ಭಯಕ್ಕೆ. ಒಂಬತ್ತನೇ ಸಲ ಆಸ್ಪತ್ರೆಗೆ ಹೊರಡುವಾಗ ಅವನು ಶರ್ಟಿನ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದ. ಮೂರನೇ ಗುಂಡಿಗೆ ಬಿಟ್ಟು, ಮೇಲೆ ಸ್ವೆಟರ್ ಹಾಕಿಕೊಂಡ. ಡಾಕ್ಟರ ಮುಂದೆ ನಾನು ಆ ಗುಂಡಿಯ ವಿಷಯ ಹೇಳಿದೆ. ಅಣ್ಣ ನನ್ನನ್ನು ಗುರಾಯಿಸಿದ. ಅವರು ಆ ಔಷಧಿಯನ್ನು ಅಲ್ಲಿಗೇ ನಿಲ್ಲಿಸಿ ಉಳಿದದ್ದನ್ನು ಮುಂದುವರಿಸಿದರು. ನರಗಳಿಗೆ ಆಗುವ ಈ ಪೆಟ್ಟು ಕೆಲವರಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಹಾಗಾಗಿ ರೋಗಿ ಹೇಳದಿದ್ದರೆ ಜೊತೆಗಿದ್ದವರು ಹೇಳಬೇಕು. ಜ್ವರವೂ ಅಷ್ಟೇ. ಕೀಮೋ ನಡೆಯುವಾಗ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು.

ಆಪರೇಷನ್ ಆದ ಮೇಲೆ ಏಳು ತಿಂಗಳು ಅವನ ಹೊಟ್ಟೆಗೆ ಸ್ಟೋಮಾ ಚೀಲ ಇತ್ತು. ಕೆಳಗೆ ಹೊಲಿಗೆ ಹಾಕಿದ ಕರುಳು ಕೂಡಿಕೊಳ್ಳಲಿ ಅಂತ ಮೇಲಿನ ಕರುಳಿನ ಬಾಯನ್ನು ಹೊಟ್ಟೆಯ ಹೊರಗೆ ತಂದಿರುತ್ತಾರೆ. ಆ ಬಾಯಿಯೇ ಸ್ಟೋಮಾ, ಮಲ ಅಲ್ಲಿಂದ ಚೀಲಕ್ಕೆ ಬೀಳುತ್ತದೆ. ಎಲ್ಲರಿಗೂ ಇದು ಬೇಕಾಗುವುದಿಲ್ಲ. ಕೆಲವರಿಗೆ ಶಾಶ್ವತವಾಗಿ ಇರುತ್ತದೆ. ನೋಡಲು ಕೆಂಪಗೆ, ತೇವವಾಗಿ, ಬಾಯಿಯ ಒಳಗಿನ ಚರ್ಮದ ಹಾಗೆ. ಮುಟ್ಟಿದರೆ ನೋವಾಗುವುದಿಲ್ಲ. ಮೊದಲ ಸಲ ಮನೆಯಲ್ಲಿ ಚೀಲ ಬದಲಿಸಲು ನನಗೂ ಅತ್ತಿಗೆಗೂ ಮುಕ್ಕಾಲು ಗಂಟೆ ಹಿಡಿಯಿತು. ಸ್ಟೋಮಾದ ಅಳತೆ ತೆಗೆದು, ಚರ್ಮಕ್ಕೆ ಅಂಟುವ ಚೀಲದ ತಟ್ಟೆಯಲ್ಲಿ ಅಷ್ಟೇ ಅಳತೆಯ ತೂತು ಕತ್ತರಿಸಿ, ಸುತ್ತಲಿನ ಚರ್ಮ ಪೂರ್ತಿ ಒಣಗಿಸಿ ಅಂಟಿಸಬೇಕು. ತೂತು ದೊಡ್ಡದಾದರೆ ಸೋರಿ ಚರ್ಮ ಸುಡುತ್ತದೆ. ಅರ್ಧ ತುಂಬುವ ಮುಂಚೆಯೇ ಖಾಲಿ ಮಾಡಿದರೆ ಭಾರಕ್ಕೆ ಕಿತ್ತುಕೊಂಡು ಬರುವುದಿಲ್ಲ. ಇಷ್ಟು ಮಾಡುವಾಗ ನಾನು ಉಸಿರು ಬಿಗಿಹಿಡಿದದ್ದು ಅಣ್ಣನಿಗೆ ಗೊತ್ತಾಯಿತು. ಅವನು ನೋಡುತ್ತಿದ್ದದ್ದು ಚೀಲವನ್ನಲ್ಲ, ನನ್ನ ಮುಖವನ್ನು. ಹತ್ತು ದಿನದಲ್ಲಿ ಅವನೇ ಕಲಿತ, ಹತ್ತು ನಿಮಿಷದ ಕೆಲಸವಾಯಿತು. ಚೀಲ ತೆಗೆದ ಮೇಲೂ ಕಥೆ ಮುಗಿಯಲಿಲ್ಲ. ತಿಂಗಳುಗಟ್ಟಲೆ ದಿನಕ್ಕೆ ಎಂಟು ಹತ್ತು ಸಲ ಟಾಯ್ಲೆಟ್. ಅದು ಹೀಗಾಗುತ್ತದೆ ಅಂತ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಅತ್ತಿಗೆಯ ವಿಷಯ ನಾವೆಲ್ಲ ಮರೆತೇಬಿಟ್ಟಿದ್ದೆವು. ಎಲ್ಲರೂ ಅವರನ್ನು ಕೇಳುತ್ತಿದ್ದದ್ದು "ಅವರು ಹೇಗಿದ್ದಾರೆ?" ಒಂದು ರಾತ್ರಿ ಅಡುಗೆಮನೆಯಲ್ಲಿ ದೀಪ ಹಾಕದೆ ನಿಂತಿದ್ದರು. ಮೂರು ದಿನದಿಂದ ಹಲ್ಲುನೋವಂತೆ. "ಅವರಿಗೆ ಅಷ್ಟೆಲ್ಲ ಇರುವಾಗ ಹಲ್ಲುನೋವು ಅಂತ ಹೇಳೋಕೆ ನಾಚಿಕೆ ಆಗುತ್ತೆ" ಅಂದರು. ಅದಾದ ಮೇಲೆ ವಾರಕ್ಕೊಂದು ಮಧ್ಯಾಹ್ನ ನಾನು ಮನೆಯಲ್ಲಿ ಇರುತ್ತಿದ್ದೆ, ಅವರು ಹೊರಗೆ ಹೋಗುತ್ತಿದ್ದರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ.

ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳು.

ಚಿಕಿತ್ಸೆ ಮುಗಿದ ಮೇಲೆ ವ್ಯಾಯಾಮ ಮಾಡಬಹುದಾ ಅಂತ ಒಬ್ಬರು ಕೇಳಿದರು. ಮಾಡಬಹುದು, ಮಾಡಬೇಕು, ಡಾಕ್ಟರನ್ನು ಕೇಳಿಕೊಂಡು. 2025ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೀಮೋ ಮುಗಿಸಿದ 889 ರೋಗಿಗಳಿದ್ದರು. ಒಂದು ಗುಂಪಿಗೆ ಮೂರು ವರ್ಷ ತರಬೇತುದಾರರನ್ನು ಇಟ್ಟು ವ್ಯಾಯಾಮ ಮಾಡಿಸಿದರು. ಇನ್ನೊಂದು ಗುಂಪಿಗೆ ಆರೋಗ್ಯದ ಮಾಹಿತಿ ಪುಸ್ತಕ ಕೊಟ್ಟರು. ಎಂಟು ವರ್ಷದ ಲೆಕ್ಕದಲ್ಲಿ ಮೊದಲ ಗುಂಪಿನ 100ರಲ್ಲಿ 90 ಜನ, ಎರಡನೆಯದರಲ್ಲಿ 83 ಜನ ಬದುಕಿದ್ದರು. ಹೆಚ್ಚಿನವರು ಮಾಡಿದ್ದು ಬಿರುಸಾದ ನಡಿಗೆ. ಅಣ್ಣನೂ ನಡೆಯುತ್ತಾನೆ. ನನಗಿಂತ ವೇಗ.

ಕಾಯಿಲೆ ದೂರ ಹರಡಿದ್ದರೆ, ವಾಸಿಯಾಗುವುದಿಲ್ಲ ಅಂದರೆ ಏನು ಮಾಡುವುದು ಅಂತ ಇನ್ನೊಬ್ಬರು ಕೇಳಿದರು. ಮೊದಲ ಹಂತದಲ್ಲೇ ಸಿಕ್ಕರೆ 100ರಲ್ಲಿ ಸುಮಾರು 90 ಜನ ಐದು ವರ್ಷ ದಾಟುತ್ತಾರೆ, ದೂರ ಹರಡಿದ್ದರೆ ಸುಮಾರು 15 ಜನ. ಆ 15ರಲ್ಲಿ ನಿಮ್ಮವರು ಇದ್ದಾರೋ ಇಲ್ಲವೋ ಅಂತ ಸಂಖ್ಯೆ ಹೇಳುವುದಿಲ್ಲ. ಚಿಕಿತ್ಸೆ ಗುಣ ಮಾಡುವುದಕ್ಕೋ, ತಡೆಹಿಡಿಯುವುದಕ್ಕೋ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ನೋವು, ವಾಂತಿ, ಸುಸ್ತು ನೋಡಿಕೊಳ್ಳುವ ಉಪಶಾಮಕ ಚಿಕಿತ್ಸೆಯನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ, ಮೊದಲಿನಿಂದಲೇ ಕೇಳಿ. ಆಮೇಲೆ ಅವರಿಗೆ ಏನು ಬೇಕು ಅಂತ ಅವರನ್ನೇ ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕೂತಿರಿ. ಇದು ಹೇಳಿದಷ್ಟು ಸುಲಭ ಅಲ್ಲ.

ಹಿಂದಿನ ಸಾಲಿನ ಒಬ್ಬ ಹುಡುಗಿ ಕೇಳಿದಳು: "ಅಂಕಲ್, ನಿಮ್ಮ ಅಣ್ಣ ಈಗ ಹೇಗಿದ್ದಾರೆ?"

ನಾಲ್ಕು ವರ್ಷ ಆಯಿತು. ಬೆರಳ ತುದಿ ಇನ್ನೂ ಸ್ವಲ್ಪ ಜೋಮು, ಸಣ್ಣ ಗುಂಡಿಯ ಶರ್ಟ್ ಹಾಕುವುದಿಲ್ಲ. ಮುಂದಿನ ತಿಂಗಳು ಸ್ಕ್ಯಾನ್ ಇದೆ. ಅದಕ್ಕೆ ಮುಂಚಿನ ವಾರ ಅವನು ಯಾರ ಜೊತೆಯೂ ಜಾಸ್ತಿ ಮಾತಾಡುವುದಿಲ್ಲ, ನಾವೂ ಮಾತಾಡಿಸಲು ಹೋಗುವುದಿಲ್ಲ. ಚೆಸ್ ಆಡುವ ಸ್ನೇಹಿತ ಬರುತ್ತಾನೆ.